ಬಾಟ್ಲಿ, ನಿಪ್ಪಲ್, ಡೈಪರ್ ಬಿಡ್ಸೋಕೆ ಚಿತ್ರದ ಪುಸ್ತಕ ಹೇಗೆ ಬಳಸೋದು: ಒಂದ್ಸಲ ಕೆಡಿಸ್ಕೊಂಡು ಕಲ್ತಿದ್ದು

ಮಗಳಿಗೆ ಒಂದೂವರೆ ವರ್ಷ ತುಂಬಿದ ವಾರ, ಹಾಲಿನ ಬಾಟ್ಲಿ ಬಿಡೋ ಕಥೆ ಇರೋ ಒಂದು ಚಿತ್ರದ ಪುಸ್ತಕ ತಂದೆ. ಸಂಜೆ ತೊಡೆ ಮೇಲೆ ಕೂರಿಸ್ಕೊಂಡು ಓದ್ದೆ, ಕೊನೇ ಪೇಜಲ್ಲಿ ಕಥೇಲಿರೋ ಮಗು ಬಾಟ್ಲಿ ಕೊಟ್ಬಿಟ್ಟು ಚಪ್ಪಾಳೆ ಹೊಡಿಯುತ್ತೆ, ನಾನೂ ಹೊಡ್ದೆ, "ನೋಡ್ದಾ ಪುಟ್ಟಿ, ಪಾಪು ಎಷ್ಟು ಜಾಣ, ಇವತ್ತಿಂದ ನಿಂಗೂ ಬಾಟ್ಲಿ ಇಲ್ಲ" ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದ್ಲು, ಪುಸ್ತಕ ಮುಚ್ಚಿದ್ಲು, ನೆಲಕ್ಕೆ ಹಾಕಿ ಅದರ ಮೇಲೇ ಕೂತ್ಕೊಂಡ್ಲು. ಆ ರಾತ್ರಿ ಬಾಟ್ಲಿಗೋಸ್ಕರ ರಚ್ಚೆ ಹಿಡಿದಿದ್ದು ಒಂದು ಕಡೆ ಇರ್ಲಿ, ಮುಂದಿನ ಎರಡು ತಿಂಗಳು ಆ ಪುಸ್ತಕ ಕಂಡ್ರೆ ಸಾಕು ಎದ್ದು ಓಡೋಳು.

ಪುಸ್ತಕದ್ದೇನೂ ತಪ್ಪಿರ್ಲಿಲ್ಲ. ನಾನು ಅದನ್ನ ಮನೆ ಖಾಲಿ ಮಾಡಿ ಅಂತ ಕೊಡೋ ನೋಟಿಸ್ ಥರ ಬಳಸಿದ್ದೆ. ಬೆಳಿಗ್ಗೆ ನೋಟಿಸ್, ಸಂಜೆ ಸಾಮಾನು ಹೊರಗೆ. ಚಿತ್ರದ ಪುಸ್ತಕದ ಕೆಲಸ ಅದಲ್ಲ. ಇನ್ನೂ ನಡೀದೇ ಇರೋ ಒಂದು ವಿಷಯಾನ, ಏನೂ ಕಳ್ಕೊಳ್ಳೋ ಭಯ ಇಲ್ಲದೇ ಇರೋ ಹೊತ್ತಲ್ಲಿ, ಹತ್ತಾರು ಸಲ ನೋಡಿ ಮುಟ್ಟಿ ಅಭ್ಯಾಸ ಮಾಡ್ಕೊಳ್ಳೋಕೆ ಮಗುಗೆ ಸಿಗೋ ಜಾಗ ಅದು. ಇಷ್ಟು ಅರ್ಥ ಆಗೋಕೆ ನಂಗೆ ಒಂದು ಮಗು ಪೂರ್ತಿ ಬೇಕಾಯ್ತು, ನಿಮಗೆ ಬೇಡ, ಅದಕ್ಕೇ ಬರೀತಿದೀನಿ.

ಮೊದಲು, ಯಾವುದನ್ನ ಬಿಡ್ಸೋದು, ಯಾವಾಗ

ಎಲ್ಲಾದಕ್ಕೂ ಒಂದೇ ಅರ್ಜೆಂಟ್ ಇಲ್ಲ. ಬಾಟ್ಲಿಗೆ ಸ್ವಲ್ಪ ಇದೆ. ಅಮೇರಿಕದ ಮಕ್ಕಳ ಡಾಕ್ಟ್ರುಗಳ ಸಂಘ, ಅಮೇರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು ಹೇಳೋದು 12 ರಿಂದ 18 ತಿಂಗಳ ಒಳಗೆ ಬಾಟ್ಲಿ ಬಿಟ್ಟು ಲೋಟಕ್ಕೆ ಬರ್ಲಿ ಅಂತ. ಕಾರಣ ಎರಡು, ಒಂದು ಹಲ್ಲು, ಬಾಟ್ಲಿ ಬಾಯಲ್ಲೇ ಇಟ್ಕೊಂಡು ನಿದ್ದೆ ಹೋದ್ರೆ ಹಾಲಿನ ಸಕ್ಕರೆ ರಾತ್ರಿಯಿಡೀ ಹಲ್ಲಿಗೆ ಅಂಟ್ಕೊಂಡಿರುತ್ತೆ, ಮುಂದಿನ ಹಲ್ಲೇ ಮೊದ್ಲು ಹುಳುಕಾಗೋದು. ಇನ್ನೊಂದು ಹೊಟ್ಟೆ, ಬಾಟ್ಲೀಲಿ ಹಾಲು ಸಲೀಸಾಗಿ ಇಳಿಯುತ್ತೆ, ಒಂದು ವರ್ಷ ದಾಟಿದ ಮಗು ದಿನಕ್ಕೆ 700 ಎಂಎಲ್‌ಗಿಂತ ಜಾಸ್ತಿ ಹಾಲು ಕುಡಿದ್ರೆ ಊಟ ಸೇರಲ್ಲ, ಮೈಯಲ್ಲಿ ಕಬ್ಬಿಣದಂಶ ಕಮ್ಮಿ ಆಗೋ ಚಾನ್ಸ್ ಇರುತ್ತೆ.

ನಿಪ್ಪಲ್, ಅಂದ್ರೆ ಸುಮ್ನೆ ಚೀಪೋ ಪ್ಯಾಸಿಫೈಯರ್, ಅದರ ಕಥೆ ಬೇರೆ. ಮೊದಲನೇ ವರ್ಷ ನಿದ್ದೆ ಹೊತ್ತಲ್ಲಿ ಅದು ಒಳ್ಳೇದೇ, ಹಸುಗೂಸುಗಳು ನಿದ್ದೇಲೇ ದಿಢೀರ್ ಅಂತ ಹೋಗ್ಬಿಡೋ ಅಪಾಯ ಕಮ್ಮಿ ಮಾಡುತ್ತೆ ಅಂತ ಡಾಕ್ಟ್ರುಗಳೇ ಕೊಡೋಕೆ ಹೇಳ್ತಾರೆ. ಆಮೇಲಾಮೇಲೆ ಕಿವಿ ಸೋಂಕು ಜಾಸ್ತಿ ಆಗೋದು, 3 ವರ್ಷ ದಾಟಿದ್ರೂ ಬಿಡದೇ ಇದ್ರೆ ಮೇಲಿನ ಕೆಳಗಿನ ಮುಂದಿನ ಹಲ್ಲು ಕೂಡದೇ ಮಧ್ಯೆ ಸಂದಿ ಉಳ್ಕೊಳ್ಳೋದು, ಹಿಂಗೆಲ್ಲ ಶುರುವಾಗುತ್ತೆ. ಡೈಪರ್‌ಗೆ ತಾರೀಖೇ ಇಲ್ಲ, ಎರಡು ಗಂಟೆ ಒಣಗಿರೋದು, ಚಡ್ಡಿ ಎಳೆದು ಇಳಿಸೋಕೆ ಬರೋದು, ಸೂಸು ಬಂತು ಅಂತ ಮುಖದಲ್ಲೋ ಮಾತಲ್ಲೋ ತೋರ್ಸೋದು, ಇವು ಕಾಣಿಸ್ಬೇಕು, ಕೆಲವರಲ್ಲಿ ಒಂದೂವರೆ ವರ್ಷಕ್ಕೇ, ಸುಮಾರು ಮಕ್ಕಳಲ್ಲಿ ಎರಡು ಎರಡೂವರೆಗೆ. ಕಟಕಟೆ ಇರೋ ಮಂಚ ಬಿಡ್ಸೋಕೆ ಮಾತ್ರ ಅಳತೆ ಪಟ್ಟಿ ಸಾಕು: ಮಗು 90 ಸೆಂಟಿಮೀಟರ್ ಹತ್ರ ಬಂತು, ಇಲ್ಲಾ ಕಾಲೆತ್ತಿ ಹತ್ತೋಕೆ ಶುರು ಮಾಡ್ತು ಅಂದ್ರೆ ಅವತ್ತೇ ಬದಲಾಯಿಸಿ, ಇದಕ್ಕೆ ಪುಸ್ತಕ ಓದ್ಕೊಂಡು ಕೂರೋಕಾಗಲ್ಲ, ಬಿದ್ದು ತಲೆ ಒಡ್ಕೊಳ್ಳುತ್ತೆ.

ಇನ್ನು ಹಳೇ ಹೊದಿಕೆ, ಕಿವಿ ಕಿತ್ತೋದ ಬೊಂಬೆ ಇಂಥದ್ದು. ಇದನ್ನ ಬಿಡ್ಸೋಕೇ ಹೋಗ್ಬೇಡಿ ಅಂತೀನಿ ನಾನು. ಡೊನಾಲ್ಡ್ ವಿನ್ನಿಕಾಟ್ ಅಂತ ಬ್ರಿಟನ್ನಿನ ಮಕ್ಕಳ ಡಾಕ್ಟ್ರು, ಮನೋವಿಶ್ಲೇಷಣೆ ಮಾಡ್ತಿದ್ದವರು, 1953ರಲ್ಲಿ ಇದರ ಮೇಲೇ ಒಂದು ಪ್ರಬಂಧ ಪ್ರಕಟ ಮಾಡಿದ್ರು. ಅಮ್ಮ ಬೇರೆ ನಾನು ಬೇರೆ ಅಂತ ಗೊತ್ತಾಗೋ ಹೊತ್ತಲ್ಲಿ ಮಗು ಆ ಹೊದಿಕೆ ಹಿಡ್ಕೊಂಡೇ ಈ ಕಡೆಯಿಂದ ಆ ಕಡೆಗೆ ದಾಟುತ್ತೆ, ಅದನ್ನ ಕಿತ್ಕೊಳ್ಳೋ ಅಗತ್ಯ ಇಲ್ಲ, ಕಾಲ ಕಳೆದ ಹಾಗೆ ಅದರ ಮಹತ್ವ ತಾನೇ ಮಾಸಿ ಹೋಗುತ್ತೆ ಅನ್ನೋದು ಅವರ ಮಾತಿನ ಸಾರ. ಬಾಟ್ಲಿ ಹೋಗೋ ವಾರ ಆ ಹೊದಿಕೇನೇ ನಿಮಗೂ ಕೈ ಹಿಡಿಯೋದು, ಬೇಕಾದ್ರೆ ನೋಡಿ.

ಒಂದ್ಸಲಕ್ಕೆ ಒಂದೇ. ಮನೆ ಬದಲಾಯಿಸ್ತಿದ್ರೆ, ಹೊಸ ಪಾಪು ಬರೋದಿದ್ರೆ, ಮಗು ಜ್ವರದಿಂದ ಎದ್ದಿದ್ರೆ, ಅದೂ ಬೇಡ.

ಚಿತ್ರ ಅಂದ್ರೆ ಮಗುಗೆ ಏನು

ಇದನ್ನ ಯಾರೂ ಹೇಳಲ್ಲ ಆದ್ರೆ ಪುಸ್ತಕ ಆರಿಸೋದು ಇದರ ಮೇಲೇ ನಿಂತಿದೆ. ಜೂಡಿ ಡಿಲೋಚ್ ಅನ್ನೋ ಮನಃಶಾಸ್ತ್ರಜ್ಞೆ ಮತ್ತೆ ಅವರ ಜೊತೆಯವರು 1998ರಲ್ಲಿ ಪ್ರಕಟ ಮಾಡಿದ ಒಂದು ಅಧ್ಯಯನ ಇದೆ, 9 ತಿಂಗಳ ಕೂಸುಗಳ ಮುಂದೆ ನಿಜವಾದ ಥರ ಕಾಣೋ ಬಣ್ಣದ ಫೋಟೋ ಇಟ್ರೆ ಅವು ಫೋಟೋದಲ್ಲಿರೋ ಸಾಮಾನನ್ನ ಕೈಯಲ್ಲಿ ಹಿಡಿದು ಎತ್ಕೊಳ್ಳೋಕೆ ನೋಡ್ತವೆ, ಪೇಜ್ ಕೆರೀತವೆ. 19 ತಿಂಗಳ ಮಕ್ಕಳು ಹಂಗ್ ಮಾಡಲ್ಲ, ಬೆರಳಿಟ್ಟು ತೋರಿಸ್ತವೆ. ಅಂದ್ರೆ ಚಿತ್ರ ಬೇರೆ ಸಾಮಾನು ಬೇರೆ, ಚಿತ್ರ ಸಾಮಾನಿನ ಬಗ್ಗೆ ಏನೋ ಹೇಳ್ತಿದೆ ಅನ್ನೋದು ಹುಟ್ಟುತ್ತಲೇ ಬರೋ ಬುದ್ಧಿ ಅಲ್ಲ, ಈ ಎರಡರ ಮಧ್ಯೆ ಎಲ್ಲೋ ನಿಧಾನಕ್ಕೆ ಬರೋದು. ನಾವು ಬಾಟ್ಲಿ ಬಿಡ್ಸೋ ವಯಸ್ಸೂ ಸರಿಯಾಗಿ ಅದೇ ಮಧ್ಯದಲ್ಲಿ ಬರುತ್ತೆ!

ಹಾಗಾಗಿ 13 ತಿಂಗಳ ಮಗುಗೆ ಕಾಡು, ರಾಜ, ಹಾರೋ ಬಾಟ್ಲಿ ಇರೋ ಉದ್ದ ಕಥೆ ತಂದ್ರೆ ಅದು ಬರೀ ಬಣ್ಣ ನೋಡುತ್ತೆ, ಪೇಜ್ ಕಚ್ಚುತ್ತೆ, ಮುಗೀತು. ಆ ವಯಸ್ಸಿಗೆ ಒಂದು ಪೇಜಿಗೆ ಒಂದೇ ವಸ್ತು, ಫೋಟೋ ಇದ್ರೆ ಇನ್ನೂ ಒಳ್ಳೇದು, ದಪ್ಪ ರಟ್ಟಿನ ಪುಸ್ತಕ. ಎರಡು ವರ್ಷದ ಮೇಲೆ ಸಣ್ಣ ಕಥೆ ಹಿಡಿಸುತ್ತೆ. ಮೂರಕ್ಕೆ, ಆಮೇಲೇನಾಯ್ತು ಯಾಕಾಯ್ತು ಅಂತ ಅವರೇ ತಲೆ ತಿಂತಾರೆ.

ಇನ್ನೊಂದು, ಪ್ರಾಣಿಗಳ ವಿಷಯ. ಡೈಪರ್ ಹಾಕಿದ ಕರಡಿ, ನಿಪ್ಪಲ್ ಚೀಪೋ ಮೊಲ, ಇಂಥವೇ ಜಾಸ್ತಿ ಸಿಗೋದು, ಮುದ್ದಾಗೂ ಇರ್ತವೆ. ಆದ್ರೆ ಟೊರಾಂಟೊ ಯೂನಿವರ್ಸಿಟಿಯವರು 4ರಿಂದ 6 ವರ್ಷದ ಮಕ್ಕಳ ಜೊತೆ ನೋಡಿದಾಗ, ಹಂಚ್ಕೊಳ್ಳೋ ಕಥೇಲಿ ಮನುಷ್ಯರ ಪಾತ್ರ ಇದ್ದಾಗ್ಲೇ ಮಕ್ಕಳು ಆಮೇಲೆ ಜಾಸ್ತಿ ಹಂಚ್ಕೊಂಡಿದ್ದು, ಬಟ್ಟೆ ಹಾಕಿದ ಪ್ರಾಣಿಗಳ ಕಥೇಲಿ ಅಷ್ಟಾಗಿ ಆಗ್ಲಿಲ್ಲ. ಅಷ್ಟು ದೊಡ್ಡ ಮಕ್ಕಳಿಗೇ ಕರಡಿಯ ಪಾಠ ತಮ್ಮ ಮೇಲೆ ಹಾಕ್ಕೊಳ್ಳೋದು ಕಷ್ಟ ಅಂದ್ಮೇಲೆ ನಮ್ಮ ಎರಡು ವರ್ಷದ್ದಕ್ಕೆ ಏನು ಹೇಳೋದು. ಕರಡಿ ಪುಸ್ತಕ ಇರ್ಲಿ, ನಗೋಕೆ ಚೆನ್ನಾಗಿದೆ. ಕೆಲಸಕ್ಕೆ ಮಾತ್ರ ಮಗು ಇರೋ ಪುಸ್ತಕ, ಅದೂ ನಿಮ್ಮ ಮಗು ಥರ ಕಾಣೋ, ನಿಮ್ಮನೇಲಿರೋಂಥ ಲೋಟ, ಪಾಟಿ (ಮಕ್ಕಳು ಸೂಸು ಕಕ್ಕ ಮಾಡೋಕೆ ಕೂರೋ ಪುಟ್ಟ ಸೀಟು) ಇರೋ ಪುಸ್ತಕ.

ಅಂಗಡೀಲೋ ಲೈಬ್ರರೀಲೋ ನಿಂತಾಗ

ಪೂರ್ತಿ ಓದಿ. ಐದು ನಿಮಿಷ ಆಗುತ್ತೆ ಅಷ್ಟೆ. ನಾನು ಮೊದ್ಲು ನೋಡೋದು ಪಾತ್ರಕ್ಕೆ ಬೇಜಾರಾಗೋ ಒಂದು ಪೇಜಾದ್ರೂ ಇದೆಯಾ ಅಂತ. ತುಂಬಾ ಪುಸ್ತಕಗಳಲ್ಲಿ ಮಗು ನಿಪ್ಪಲ್ ಬಿಸಾಕಿ ತಕ್ಷಣ ನಗುತ್ತೆ, ಬಲೂನ್ ಹಾರುತ್ತೆ. ನಿಮ್ಮ ಮಗು ಬಿಟ್ಟ ದಿನ ಅಳುತ್ತೆ, ಗ್ಯಾರಂಟಿ, ಆಗ ಅದಕ್ಕೆ ನೆನಪಾಗೋಕೆ ಪುಸ್ತಕದಲ್ಲಿ ಅಳೋ ಪೇಜೇ ಇಲ್ಲ ಅಂದ್ರೆ ತಾನೊಬ್ಬನೇ ಅಳೋನು ಅನ್ಸುತ್ತೆ. ಬೇಜಾರಾಯ್ತು, ಯಾರೋ ತಬ್ಕೊಂಡ್ರು, ನಿದ್ದೆ ಬಂತು, ಈ ಮೂರು ಚಿತ್ರ ಇರೋ ಪುಸ್ತಕ ಸಿಕ್ರೆ ಬೇರೇನೂ ನೋಡ್ದೆ ತಗೊಳ್ಳಿ.

ಎರಡನೇದು ನಾಚಿಕೆ. "ಛೀ ಪಾಪು ಥರ", "ದೊಡ್ಡೋರು ಹಿಂಗ್ ಮಾಡಲ್ಲ", "ಎಲ್ಲಾರೂ ನಗ್ತಾರೆ" ಅನ್ನೋ ಸಾಲಿದ್ರೆ ವಾಪಸ್ ಇಡಿ. ಎರಡು ವರ್ಷದ ಮಗುಗೆ ಪಾಪು ಆಗಿರೋದು ಅವಮಾನ ಅಲ್ಲ, ಅದು ನಿನ್ನೆ ಮೊನ್ನೆವರೆಗೂ ಅದೇ ಆಗಿತ್ತು, ಇವತ್ತೂ ಅರ್ಧ ಅದೇ. ಪುಸ್ತಕ ಬೇರೆಲ್ಲಾ ಚೆನ್ನಾಗಿದ್ದು ಒಂದು ಸಾಲು ಕೆಟ್ಟದಾಗಿದ್ರೆ ಓದೋವಾಗ ನೀವೇ ಬದಲಾಯಿಸ್ಕೊಳ್ಳಿ, ಓದೋಕೆ ಬರದಿರೋರ ಮುಂದೆ ನಾವು ಓದಿದ್ದೇ ಪುಸ್ತಕ. ಒಂದೇ ಎಚ್ಚರ, ಮೊದಲ್ನೇ ಸಲ ಹೆಂಗೆ ಬದಲಾಯಿಸಿದ್ರೋ ನೂರನೇ ಸಲಾನೂ ಹಂಗೇ ಓದ್ಬೇಕು, ಒಂದು ಪದ ತಪ್ಪಿದ್ರೂ ಹಿಡೀತವೆ. ಮನೇಲಿ ಎಲ್ಲಾರ್ಗೂ ಹೇಳಿಟ್ಟಿರಿ, ನಮ್ಮನೆಯವ್ರು ಅಚ್ಚಾಗಿರೋ ಹಂಗೇ ಓದಿ ಮಗಳ ಕೈಲಿ ಬೈಸ್ಕೊಂಡಿದಾರೆ.

ನಿಪ್ಪಲನ್ನ ಯಾರೋ ದೇವತೆ ಬಂದು ತಗೊಂಡೋಗಿ ಬದಲಿಗೆ ಗಿಫ್ಟ್ ಇಟ್ಟೋಗೋ ಕಥೆಗಳಿವೆ. ಮೂರು ದಾಟಿದ ಮಕ್ಕಳಿಗೆ ಕೆಲವು ಕಡೆ ಚೆನ್ನಾಗೇ ನಡೆಯುತ್ತೆ. ಅದಕ್ಕಿಂತ ಚಿಕ್ಕೋರಿಗೆ, ರಾತ್ರಿ ಯಾರೋ ಮನೆಯೊಳಗೆ ಬಂದು ನನ್ನ ಸಾಮಾನು ಎತ್ಕೊಂಡು ಹೋಗ್ತಾರೆ ಅಂದ್ರೆ ಅದು ದೇವತೆ ಅಲ್ಲ, ಗುಮ್ಮ. ನಾನಂತೂ ಓದ್ಲಿಲ್ಲ.

ಓದೋದು ಹೆಂಗೆ

ಬಿಡ್ಸೋ ದಿನಕ್ಕೆ ಮೂರು ನಾಲ್ಕು ವಾರ ಮುಂಚೆ ಪುಸ್ತಕ ಮನೆಗೆ ಬರ್ಲಿ, ಬಂದು ಬೇರೆ ಪುಸ್ತಕಗಳ ಮಧ್ಯೆ ಸುಮ್ನೆ ಕೂತಿರ್ಲಿ. ಅದೇ ಎದ್ದು ತಂದ್ರೆ ಓದಿ, ತರದಿದ್ರೆ ಎರಡು ಬೇರೆ ಪುಸ್ತಕ ಓದಿ ಮಧ್ಯದಲ್ಲಿ ಇದನ್ನ ಸೇರಿಸಿ. ಹೊಟ್ಟೆ ತುಂಬಿರೋ, ನಿದ್ದೆ ಬರದೇ ಇರೋ ಹೊತ್ತು ನೋಡಿ. ಬಾಟ್ಲಿ ಕೇಳೋ ಹೊತ್ತಲ್ಲಿ ಬಾಟ್ಲಿ ಪುಸ್ತಕ ತೆಗಿಬೇಡಿ, ಹಸಿದಿರೋನ ಮುಂದೆ ಉಪವಾಸದ ಬಗ್ಗೆ ಭಾಷಣ ಮಾಡಿದ ಹಾಗಾಗುತ್ತೆ. ಕುತ್ಕೊಳ್ಳೋದು ಎರಡು ಮೂರು ನಿಮಿಷ ಅಷ್ಟೇ ಆದ್ರೂ ಪರ್ವಾಗಿಲ್ಲ, ಮಧ್ಯದ ಪೇಜಿಂದ ಶುರು ಮಾಡಿದ್ರೂ ಪರ್ವಾಗಿಲ್ಲ, ಹಿಂದಿಂದ ಮುಂದಕ್ಕೆ ತಿರುಗಿಸಿದ್ರೂ. ಓದ್ತಾ ಬಾಟ್ಲಿ ಬಾಯಲ್ಲೇ ಇದ್ರೂ ಬಿಡಿ. ನಿಜವಾಗ್ಲೂ. ಮೊದಲ ವಾರ ನಮ್ಮ ಚಿಕ್ಕೋನು ಬಾಟ್ಲಿ ಚೀಪ್ತಾನೇ ಬಾಟ್ಲಿ ಬಿಡೋ ಪುಸ್ತಕ ಕೇಳಿದ್ದು.

ನಾನು ಮಾಡಿದ ದೊಡ್ಡ ತಪ್ಪು, "ನೀನೂ ಹಿಂಗೇ ಮಾಡ್ಬೇಕು" ಅನ್ನೋದು. ಅದನ್ನ ನುಂಗ್ಕೊಳ್ಳಿ. ಕಥೆ ಕಥೇಲಿರೋ ಪಾಪುದ್ದು. ಅದರ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡಿ, ಪಾಪು ಕೈಯಲ್ಲಿ ಏನಿದೆ, ಪಾಪು ಯಾಕೆ ಅಳ್ತಿದೆ, ಲೋಟ ಎಲ್ಲಿದೆ ತೋರ್ಸು. ಗ್ರೋವರ್ ವೈಟ್‌ಹರ್ಸ್ಟ್ ಅನ್ನೋ ಮನಃಶಾಸ್ತ್ರಜ್ಞ ಮತ್ತೆ ಜೊತೆಯವರು 1988ರಲ್ಲಿ ತೋರಿಸಿದ್ದು ಇದನ್ನೇ, ಸುಮ್ನೆ ಓದಿ ಹೇಳೋದಕ್ಕಿಂತ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಎರಡು ಪದ ಸೇರಿಸಿ ವಾಪಸ್ ಹೇಳಿ, ಕಥೆ ಹೇಳೋ ಕೆಲಸ ನಿಧಾನಕ್ಕೆ ಮಗು ಕೈಗೇ ದಾಟಿಸಿದ್ರೆ ಮಾತು ಬೇಗ ಬೆಳೆಯುತ್ತೆ ಅಂತ. ಮಗು "ಬಾತ್ಲಿ" ಅಂತು, ನೀವು "ಹೂಂ, ಪಾಪು ಬಾಟ್ಲಿ, ಖಾಲಿ ಬಾಟ್ಲಿ" ಅಂದ್ರಿ. ಅಷ್ಟೆ. ಬಾಟ್ಲಿ ಬಿಡ್ಸೋಕೂ ಇದೇ ಬೇಕಾಗೋದು, ಯಾಕಂದ್ರೆ ಬಿಟ್ಟ ರಾತ್ರಿ ಅದರ ಹತ್ರ ಇರೋ ಆಯುಧ ಎರಡೇ, ಅಳು ಇಲ್ಲಾ ಮಾತು. "ಬೇಜಾರು" ಅನ್ನೋ ಒಂದು ಪದ ಪುಸ್ತಕದಿಂದ ಬಾಯಿಗೆ ಬಂದಿದ್ರೆ ಅರ್ಧ ಅಳು ಕಮ್ಮಿ.

ಆಮೇಲೆ ಒಂದಿನ ಅದೇ ತನ್ನ ಎದೆ ಮುಟ್ಕೊಂಡು "ನಂದೂ ಬಾತ್ಲಿ" ಅನ್ನುತ್ತೆ. ಆಗ ಮಾತ್ರ ನೀವು "ಹೌದು, ನಿಂದೂ ಇದೆ" ಅನ್ನಿ, ಅಲ್ಲಿಗೆ ನಿಲ್ಸಿ.

ಮತ್ತೆ ಮತ್ತೆ ಅದೇ ಪುಸ್ತಕ ತಂದು ನಿಮ್ಮ ಜೀವ ತಿಂದ್ರೆ ಖುಷಿ ಪಡಿ. ಸಸೆಕ್ಸ್ ಯೂನಿವರ್ಸಿಟೀಲಿ ಜೆಸಿಕಾ ಹೋರ್ಸ್ಟ್ ಅವರ ಗುಂಪು 2011ರಲ್ಲಿ ಮೂರು ವರ್ಷದ ಮಕ್ಕಳಲ್ಲಿ ನೋಡಿದ್ದು, ಬೇರೆ ಬೇರೆ ಕಥೆಗಳಲ್ಲಿ ಹೊಸ ಪದ ಕೇಳಿದೋರಿಗಿಂತ ಅದೇ ಕಥೆ ತಿರುಗಾ ಮುರುಗಾ ಕೇಳಿದೋರು ಆ ಪದಗಳನ್ನ ಚೆನ್ನಾಗಿ ಕಲ್ತಿದ್ರು. ಮುಂದೇನಾಗುತ್ತೆ ಅಂತ ಗೊತ್ತಿರೋದೇ ಅವರಿಗೆ ಧೈರ್ಯ. ನಮಗೆ ಬೋರು, ಅದಕ್ಕೇನೂ ಮಾಡೋಕಾಗಲ್ಲ.

ನೀವೇ ಮಾಡೋ ಪುಸ್ತಕ

ಮಗಳು ಕೊಂಡ ಪುಸ್ತಕದ ಮೇಲೆ ಕೂತ ಮೇಲೆ ಎರಡು ತಿಂಗಳು ಸುಮ್ನಿದ್ದು ಆಮೇಲೆ ನಾನು ಮಾಡಿದ್ದು ಇದು, ಡಾಕ್ಟ್ರು ಹೇಳಿದ ವಯಸ್ಸಿಗಿಂತ ಎರಡು ತಿಂಗಳು ಲೇಟಾಯ್ತು, ಆದ್ರೆ ಕೆಲಸ ಆಯ್ತು. ಇದನ್ನ ಅಂಗಡಿ ಪುಸ್ತಕಕ್ಕಿಂತ ಮೇಲೆ ಇಡ್ತೀನಿ ನಾನು. ಚಿತ್ರ ಬರಿಯೋಕೆ ಬರ್ಬೇಕಿಲ್ಲ, ಫೋಟೋ ಸಾಕು.

ಹಳೇ ರಟ್ಟಿನ ಡಬ್ಬಿ ಕತ್ತರಿಸಿ ಅಂಗೈ ಎರಡರಷ್ಟು ಅಗಲದ ಎಂಟು ತುಂಡು ಮಾಡ್ಕೊಳ್ಳಿ, ಮೂಲೆ ದುಂಡಗೆ ಕತ್ತರಿಸಿ ಚುಚ್ಚಬಾರ್ದು. ಫೋಟೋ ಪ್ರಿಂಟ್ ಹಾಕ್ಸಿ ಅಂಟಿಸಿ, ಮೇಲೆ ಅಗಲ ಸೆಲ್ಲೋ ಟೇಪ್ ಪೂರ್ತಿ ಹಚ್ಚಿ, ಯಾಕಂದ್ರೆ ಇದು ಬಾಯಿಗೆ ಹೋಗುತ್ತೆ, ಹಾಲು ಬೀಳುತ್ತೆ. ಪಕ್ಕದಲ್ಲಿ ಎರಡು ತೂತು, ಗಟ್ಟಿ ದಾರ ಹಾಕಿ ಸಡಿಲವಾಗಿ ಚಿಕ್ಕದಾಗಿ ಗಂಟು, ಉದ್ದ ದಾರ ನೇತಾಡೋ ಹಾಗೆ ಬಿಡ್ಬೇಡಿ ಕುತ್ತಿಗೆಗೆ ಸುತ್ಕೊಳ್ಳುತ್ತೆ. ಸ್ಟೇಪ್ಲರ್ ಪಿನ್ನು ಬೇಡ್ವೇ ಬೇಡ.

ಫೋಟೋ ತೆಗೆಯೋವಾಗ ಪೋಸ್ ಕೊಡ್ಸಬೇಡಿ. ನಿಜವಾದ ಬಾಟ್ಲಿ, ನಿಜವಾದ ಲೋಟ, ಅದು ಮಲಗೋ ಜಾಗ, ತಬ್ಕೊಳ್ಳೋ ಜನ. ಲೋಟ ಮೊದ್ಲೇ ತಂದಿಟ್ಟು ನೀರು ಕುಡಿಸಿ ಅಭ್ಯಾಸ ಮಾಡಿಸಿರಿ, ಇಲ್ದಿದ್ರೆ ಪುಸ್ತಕದಲ್ಲಿ ಒಂದು ಪರಕೀಯ ಲೋಟ ಬಂದಂಗಾಗುತ್ತೆ. ನನ್ನ ಪುಸ್ತಕದಲ್ಲಿ ಬರೆದಿದ್ದು ಇಷ್ಟು, ಒಂದು ಸಾಲಿಗೆ ಒಂದು ಪೇಜು:

ಇದು ಪುಟ್ಟಿ. ಇದು ಪುಟ್ಟಿ ಬಾಟ್ಲಿ.
ಪುಟ್ಟಿ ಇಷ್ಟೇ ಇಷ್ಟಿದ್ದಾಗ ಬಾಟ್ಲೀಲಿ ಹಾಲು ಕುಡೀತಿದ್ಲು. ಚುಪ್ ಚುಪ್ ಚುಪ್.
ಈಗ ಪುಟ್ಟಿಗೆ ಹಲ್ಲು ಬಂದಿದೆ. ಹಸಿರು ಲೋಟಾನೂ ಬಂದಿದೆ.
ಲೋಟದಲ್ಲಿ ಹಾಲು. ಗಟ ಗಟ ಗಟ. ಸ್ವಲ್ಪ ಚೆಲ್ತು. ಒರೆಸಿದ್ರಾಯ್ತು.
ರಾತ್ರಿ ಆಯ್ತು. ಬಾಟ್ಲಿ ನೆನಪಾಯ್ತು. ಬೇಜಾರಾಯ್ತು.
ಅಮ್ಮ ತಬ್ಕೊಂಡ್ಲು. ಅಪ್ಪ ಬೆನ್ನು ತಟ್ಟಿದ.
ಬಾಟ್ಲಿ ಎಲ್ಲೋಯ್ತು? ಡಬ್ಬಿಯೊಳಗೆ ಮಲ್ಕೊಂತು.
ಪುಟ್ಟೀನೂ ಮಲ್ಕೊಂಡ್ಲು.

ಚುಪ್ ಚುಪ್, ಗಟ ಗಟ ಇರ್ಲೇಬೇಕು, ಮಾತು ಬರದ ಮಗು ಮೊದ್ಲು ಹಿಡಿಯೋದು ಆ ಸದ್ದನ್ನೇ, ಆ ಸದ್ದು ಮಾಡೋ ಪೇಜಿಗೆ ಬಂದ ತಕ್ಷಣ ಅದಕ್ಕೆ ತಾನೇ ಓದಿದ ಹೆಮ್ಮೆ. ಹಾಲು ಚೆಲ್ಲೋ ಪೇಜನ್ನೂ ಬಿಡ್ಬೇಡಿ. ಲೋಟದಲ್ಲಿ ಕುಡಿಯೋಕೆ ಕಲಿಯೋರಿಗೆ ಚೆಲ್ಲೋದೇ ದೊಡ್ಡ ಭಯ, ಚೆಲ್ಲಿದಾಗ ನಮ್ಮ ಮುಖ ಹೆಂಗಾಗುತ್ತೆ ಅನ್ನೋದು ಅದಕ್ಕಿಂತ ದೊಡ್ಡ ಭಯ.

ಮತ್ತೆ ಬಾಟ್ಲಿ ಎಲ್ಲಿ ಹೋಯ್ತು ಅನ್ನೋದಕ್ಕೆ ನಿಜ ಬರೀರಿ. ಕಾಗೆ ಕಚ್ಕೊಂಡೋಯ್ತು ಅಂತ ಬರೆದ್ರೆ ಮುಂದೆ ಕಾಗೆ ಕಂಡಾಗೆಲ್ಲ ಪಂಚಾಯ್ತಿ. ಡಬ್ಬಿ ತೋರ್ಸಿ, ಫೋಟೋದಲ್ಲಿರೋದೂ ನಿಜವಾದ್ದೂ ಒಂದೇ ಇರ್ಲಿ, ಮುಚ್ಚಳ ಅದರ ಕೈಲೇ ಮುಚ್ಸಿ.

ಆ ದಿನ

ಮೊದ್ಲು ಹಗಲಿನ ಬಾಟ್ಲಿ ಒಂದೊಂದಾಗಿ ಲೋಟಕ್ಕೆ ಹೋಗ್ಲಿ, ನಾಲ್ಕೈದು ದಿನಕ್ಕೆ ಒಂದು, ರಾತ್ರಿ ಮಲಗೋ ಹೊತ್ತಿನದ್ದು ಕೊನೇಗೆ. ಅದು ಹೊಟ್ಟೆಗಲ್ಲ, ನಿದ್ದೆಗೆ, ಅದಕ್ಕೇ ಕಷ್ಟ. ಆ ಹಾಲನ್ನ ಲೋಟದಲ್ಲಿ ಅರ್ಧ ಗಂಟೆ ಮುಂಚೆ ಕೊಟ್ಟು, ಹಲ್ಲುಜ್ಜಿಸಿ, ಆಮೇಲೆ ಪುಸ್ತಕ. ಅಂದ್ರೆ ಮೊದ್ಲು ಬಾಟ್ಲಿ ಇದ್ದ ಜಾಗಕ್ಕೆ ಈಗ ತೊಡೆ ಮೇಲೆ ಕೂತು ಓದೋದು ಬಂತು. ಬರೀ ಕಿತ್ಕೊಂಡ್ರೆ ಅಲ್ಲಿ ಗುಂಡಿ ಉಳಿಯುತ್ತೆ, ಆ ಗುಂಡಿಗೆ ನೀವೇ ಬೀಳೋದು, ರಾತ್ರಿ ಎರಡು ಗಂಟೆಗೆ.

ಅತ್ರೆ ಪುಸ್ತಕ ತೆಗೆದು ಮುಖಕ್ಕೆ ಹಿಡೀಬೇಡಿ. ಆ ಸಾಲು ಮಾತ್ರ ಮೆಲ್ಲಗೆ ಹೇಳಿ, "ರಾತ್ರಿ ಆಯ್ತು, ಬಾಟ್ಲಿ ನೆನಪಾಯ್ತು, ಬೇಜಾರಾಯ್ತು", ಮುಂದಿನ ಸಾಲು ಹೇಳೋ ಬದ್ಲು ಮಾಡಿ ತೋರ್ಸಿ. ನಮ್ಮನೇಲಿ ಮೊದಲ ರಾತ್ರಿ ನಲವತ್ತು ನಿಮಿಷ, ಎರಡನೇದು ಅದಕ್ಕಿಂತ ಜಾಸ್ತಿ, ಮೂರನೇ ರಾತ್ರಿ ನಾನು "ಅಮ್ಮ ತಬ್ಕೊಂಡ್ಲು" ಅಂದೆ, ಕತ್ತಲಲ್ಲಿ ಅವಳು "ಅಪ್ಪ ತತ್ತು" ಅಂದ್ಲು, ಅಪ್ಪ ತಟ್ಟಿದ್ರು, ಮಲ್ಕೊಂಡ್ಲು.

ಡೈಪರ್, ನಿಪ್ಪಲ್, ಮಂಚಕ್ಕೆ ಏನು ಬೇರೆ

ಪಾಟಿ ಪುಸ್ತಕದಲ್ಲಿ ಹೆಜ್ಜೆಗಳು ಇರ್ಬೇಕು, ಚಡ್ಡಿ ಇಳಿಸೋದು, ಕೂರೋದು, ಕಾಯೋದು, ಏನೂ ಬರದೇ ಎದ್ದು ಹೋಗೋದು, ತೊಳೆಯೋದು. ಏನೂ ಬರದೇ ಎದ್ದು ಹೋಗೋ ಪೇಜು ಬಹಳ ಮುಖ್ಯ, ಮೊದಲ ವಾರ ಅದೇ ಆಗೋದು. ಒದ್ದೆ ಆದ ಚಡ್ಡಿ ಪೇಜೂ ಇರ್ಲಿ. ಪುಸ್ತಕ ಕೊಟ್ಟು ಪಾಟಿ ಮೇಲೆ ಅರ್ಧ ಗಂಟೆ ಕೂರ್ಸೋರಿದಾರೆ, ಬೇಡ, ಐದು ನಿಮಿಷ ಸಾಕು, ಜಾಸ್ತಿ ಕೂತ್ರೆ ಅದೊಂದು ಶಿಕ್ಷೆ. ರಾತ್ರಿ ಡೈಪರ್ ಬೇರೆ ಲೆಕ್ಕ, ಅದು ಕಲಿಸೋದಲ್ಲ, ಮೈ ಬೆಳೆದಾಗ ಬರೋದು, 5 ವರ್ಷದವರೆಗೂ ಹಾಸಿಗೆ ಒದ್ದೆ ಆಗೋದು ಮಾಮೂಲು, ಹಾಗಾಗಿ ಪುಸ್ತಕ ಓದೋವಾಗ ರಾತ್ರಿ ಡೈಪರ್ ಬಗ್ಗೆ ಮಾತು ಕೊಡ್ಬೇಡಿ.

ಕಕ್ಕ ಮಾಡೋಕೆ ಹೆದರಿ ತಡ್ಕೊಳ್ತಿದ್ರೆ, ಗಟ್ಟಿಯಾಗಿ ನೋವಾಗ್ತಿದ್ರೆ ಯಾವ ಪುಸ್ತಕಾನೂ ಬೇಡ, ಮೊದ್ಲು ಡಾಕ್ಟ್ರ ಹತ್ರ ಹೋಗಿ ಮಲಬದ್ಧತೆ ಸರಿ ಮಾಡಿಸಿ. ಚೆನ್ನಾಗಿ ಕಲ್ತಿದ್ದ ಮಗು ಇದ್ದಕ್ಕಿದ್ದಂಗೆ ಪದೇ ಪದೇ ಒದ್ದೆ ಮಾಡ್ಕೊಳ್ತಿದ್ರೂ, ಸೂಸು ಮಾಡೋವಾಗ ಉರಿ ಅಂದ್ರೂ ಹಾಗೇ.

ನಿಪ್ಪಲ್‌ಗೆ ಮೊದ್ಲು ಹಗಲು ಬಿಡ್ಸಿ ಹಾಸಿಗೆಯಲ್ಲಿ ಮಾತ್ರ ಅನ್ನೋ ನಿಯಮ ಮಾಡಿ, ಪುಸ್ತಕದಲ್ಲೂ ನಿಪ್ಪಲ್ ದಿಂಬಿನ ಪಕ್ಕ ಇರೋ ಫೋಟೋ ಹಾಕಿ. ಕೆಲವರು ಅದರ ತುದಿ ಕತ್ತರಿಸಿ ಕೊಡ್ತಾರೆ, ರುಚಿ ಹೋದ್ರೆ ತಾನೇ ಬಿಡ್ತದೆ ಅಂತ. ಮಾಡ್ಬೇಡಿ, ಕತ್ತರಿಸಿದ ರಬ್ಬರ್ ಹರಿದು ತುಂಡು ಗಂಟಲಿಗೆ ಸಿಕ್ಕೊಳ್ಳುತ್ತೆ. ಬೆರಳು ಚೀಪೋರಿಗೆ ಡಬ್ಬೀಲಿ ಮಲಗಿಸೋ ಆಟ ನಡೆಯಲ್ಲ, ಬೆರಳು ಅವರ ಕೈಯಲ್ಲೇ ಇರುತ್ತೆ, ಸುಮಾರು ಜನ 2ರಿಂದ 4ರ ಒಳಗೆ ತಾವೇ ಬಿಡ್ತಾರೆ, ಪುಸ್ತಕದಲ್ಲಿ ಆ ಕೈಗೆ ಬೇರೆ ಕೆಲಸ ಕೊಡಿ, ಬೊಂಬೆ ಹಿಡಿಯೋದೋ ಹೊದಿಕೆ ಅಂಚು ಸವರೋದೋ.

ದೊಡ್ಡ ಮಂಚಕ್ಕೆ ಹೋಗೋ ಪುಸ್ತಕ ಓದೋಕೆ ಮುಂಚೆ ಆ ರೂಮಿನ ಬೀರು, ಡ್ರಾಯರ್ ಎಲ್ಲಾ ಗೋಡೆಗೆ ಬಿಗಿದಿದೆಯಾ ನೋಡಿ, ಯಾಕಂದ್ರೆ ಈಗ ಮಗು ರಾತ್ರಿ ಒಬ್ಬನೇ ಎದ್ದು ಓಡಾಡುತ್ತೆ, ಹತ್ತುತ್ತೆ.

ಹೊಸ ಪಾಪು ಬಂದಾಗ

ಎಲ್ಲಾ ಬಿಟ್ಟಿದ್ದ ಮಗಳು ತಮ್ಮ ಹುಟ್ಟಿದ ಮೂರನೇ ವಾರ ಅವನ ಬಾಟ್ಲಿ ಬಾಯಿಗಿಟ್ಕೊಂಡು ನೆಲದ ಮೇಲೆ ಮಲಗಿದ್ಲು. ಅಜ್ಜಿ "ಥೂ, ದೊಡ್ಡೋಳು ನೀನು" ಅಂತ ಬಾಯ್ಬಿಟ್ಟಿದ್ರು, ನಾನು ಕಣ್ಣಲ್ಲೇ ತಡೆದೆ. "ದೊಡ್ಡಕ್ಕ" ಅನ್ನೋದನ್ನ ಪದವಿ ಥರ ಕೊಡೋ ಪುಸ್ತಕಗಳು ತುಂಬಾ ಇವೆ, ನಂಗೆ ಅವುಗಳ ಮೇಲೆ ಸ್ವಲ್ಪ ಅನುಮಾನ, ಯಾಕಂದ್ರೆ ಆ ಪದವಿ ಜೊತೆ ಬರೋದು ಬರೀ ಬಿಟ್ಟುಕೊಡೋ ಕೆಲಸ, ತೊಟ್ಟಿಲು ಬಿಡು, ತೊಡೆ ಬಿಡು, ಸದ್ದು ಮಾಡ್ಬೇಡ. ಆ ವಾರ ನಾನು ಓದಿದ್ದು ಅವಳದೇ ಕೂಸಿನ ಫೋಟೋ ಆಲ್ಬಮ್ಮು, ಇದು ನೀನು, ಇದು ನಿನ್ನ ಬಾಟ್ಲಿ, ಇಲ್ಲಿ ನೀನು ಹಿಂಗೇ ಅಳ್ತಿದ್ದೆ. ದಿನಾ ಹತ್ತು ನಿಮಿಷ ಅವಳು ಪಾಪು ಆಗೋಳು, ನಾನು ತೂಗೋಳು, ಕಾಲು ಮಂಚದಾಚೆ ನೇತಾಡೋದು. ಎರಡು ವಾರಕ್ಕೆ ಅವಳಿಗೇ ಬೋರಾಯ್ತು. ಮಂಚ ಬದಲಾಯಿಸೋದಿದ್ರೆ ಪಾಪು ಬರೋಕೆ ಎರಡು ತಿಂಗಳಾದ್ರೂ ಮುಂಚೆ ಮಾಡಿ ಮುಗ್ಸಿ, ಕಳ್ಕೊಂಡಿದ್ದು ಬೇರೆಯವರಿಗೆ ಸಿಕ್ತು ಅಂತ ಅನ್ನಿಸಬಾರ್ದು.

ಶುರು ಮಾಡಿ ಒಂದು ವಾರ ಆದ್ರೂ ದಿನದಿನಕ್ಕೆ ಜಾಸ್ತಿನೇ ಆಗ್ತಿದ್ರೆ ನಿಲ್ಸಿ, ಒಂದು ತಿಂಗಳು ಬಿಟ್ಟು ಮತ್ತೆ. ನಿಲ್ಲಿಸೋದು ಸೋಲಲ್ಲ ಆದ್ರೆ ದಿನಕ್ಕೊಂದು ಥರ ಮಾಡೋದು ಕಷ್ಟ, ಇವತ್ತು ಇಲ್ಲ ನಾಳೆ ತಗೋ ಅಂದ್ರೆ ಜಾಸ್ತಿ ಅತ್ರೆ ಸಿಗುತ್ತೆ ಅಂತ ಕಲೀತವೆ. ನಿಲ್ಲಿಸಿದಾಗ ಪುಸ್ತಕಾನೂ ಒಳಗಿಡಿ.

ಮೊನ್ನೆ ಚಿಕ್ಕೋನಿಗೆ ಅದೇ ರಟ್ಟಿನ ಪುಸ್ತಕ ಮಗಳು ಓದ್ತಿದ್ಲು, ಅವಳಿಗೀಗ ನಾಲ್ಕು, ಓದೋಕೆ ಬರಲ್ಲ ಆದ್ರೆ ಪೂರ್ತಿ ಬಾಯಿಪಾಠ. "ಬಾಟ್ಲಿ ಎಲ್ಲೋಯ್ತು?" ಪೇಜಿಗೆ ಬಂದು ಒಂದು ನಿಮಿಷ ನಿಲ್ಸಿದ್ಲು. ಆಮೇಲೆ ತಮ್ಮನ ಕಿವಿ ಹತ್ರ ಬಗ್ಗಿ, "ಅಡಿಗೆಮನೇಲಿ ಮೇಲಿನ ಶೆಲ್ಫಲ್ಲಿದೆ ಕಣೋ ಆ ಡಬ್ಬಿ, ಸ್ಟೂಲ್ ಹಾಕ್ಕೊಂಡ್ರೆ ಸಿಗುತ್ತೆ" ಅಂದ್ಲು. ಡಬ್ಬಿ ಈಗ ಬೀರುವಲ್ಲಿದೆ, ಹೊಸ ಫೋಟೋ ತೆಗೆದು ಅಂಟಿಸ್ಬೇಕು.